‘ಎಎ ಮೀಟಿಂಗಿಗೆ ಹೋಗಿ’ ಎಂದು ಬರೆದರೆ ಸಾಲದು: ಬೆಂಗಳೂರಿನ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯ ಹಿರಿಯ ಅಧಿಕಾರಿಗಳು,
ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಐದೂ ನಗರ ಪಾಲಿಕೆಗಳ ಆರೋಗ್ಯಾಧಿಕಾರಿಗಳು,
ನಗರದ ಆಸ್ಪತ್ರೆಗಳ ಮತ್ತು ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಚಿಕಿತ್ಸಾಲಯಗಳ ವೈದ್ಯರು.

ಮಾನ್ಯರೇ,

ಕುಡಿತದ ಚಿಕಿತ್ಸೆ ಮುಗಿಸಿ ಮನೆಗೆ ಹೊರಟವರ ಡಿಸ್ಚಾರ್ಜ್ ಚೀಟಿಯ ಕೊನೆಯ ಸಾಲುಗಳು ನಿಮಗೆ ಬಾಯಿಪಾಠ ಇರುತ್ತವೆ. ಥಯಾಮಿನ್ (ಬಿ1 ವಿಟಮಿನ್) ಮಾತ್ರೆ, ಎರಡು ವಾರ ಬಿಟ್ಟು ಫಾಲೋಅಪ್, ‘ಎಎ ಮೀಟಿಂಗಿಗೆ ಹೋಗಲು ಸಲಹೆ ನೀಡಲಾಗಿದೆ’. ಮೊದಲನೆಯದಕ್ಕೆ ಮಿಲಿಗ್ರಾಂ ಇದೆ, ಎರಡನೆಯದಕ್ಕೆ ತಾರೀಖು ಇದೆ. ಮೂರನೆಯದಕ್ಕೆ ಮಾತ್ರ ಯಾವ ಬಡಾವಣೆ, ಯಾವ ವಾರ, ಎಷ್ಟು ಗಂಟೆ, ಯಾವ ಭಾಷೆ ಎಂಬುದೊಂದೂ ಇಲ್ಲ. ಈ ಪತ್ರ ಆ ಒಂದು ಸಾಲಿನ ಬಗ್ಗೆ. ಎಎ ಎಂದರೆ ಅಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಟ್ಟವರೂ ಬಿಡಬೇಕೆಂದಿರುವವರೂ ಒಟ್ಟಿಗೆ ಕೂತು ಒಬ್ಬರಿಗೊಬ್ಬರು ಆಸರೆಯಾಗುವ ಕೂಟ.

ಮೊದಲೇ ಹೇಳಿಬಿಡುತ್ತೇವೆ, ನಾವು ಅಲ್ಕೋಹಾಲಿಕ್ಸ್ ಅನಾನಿಮಸ್‌ನ ವಕ್ತಾರರಲ್ಲ. ಹೊರಗಿನ ಯಾವ ವಿಷಯದ ಬಗ್ಗೆಯೂ ಎಎ ಅಭಿಪ್ರಾಯ ಹೇಳುವುದಿಲ್ಲ; ಅದರ ಗುಂಪುಗಳು ಪಾಲಿಸುವ ಹನ್ನೆರಡು ಸಂಪ್ರದಾಯಗಳಲ್ಲಿ ಹತ್ತನೆಯದು ಹೇಳುವುದೇ ಅದನ್ನು. ಸರ್ಕಾರಕ್ಕೆ ಮನವಿಪತ್ರ ಹಿಡಿದುಕೊಂಡು ಬರುವ ಪದ್ಧತಿ ಅವರಲ್ಲಿಲ್ಲ. ಹಾಗಾಗಿ ಕೇಳುವ ಕೆಲಸ, ಈ ಊರಿನಲ್ಲಿ ಕುಡಿತ ಬಿಡಲು ಹೊರಟವರನ್ನು ಮೀಟಿಂಗಿನ ಬಾಗಿಲವರೆಗೆ ಮುಟ್ಟಿಸುತ್ತಿರುವ ನಮ್ಮ ಪಾಲಿಗೆ ಬಂದಿದೆ.

ಒಂದು ಸಾಲಿಗಾಗಿ ಇಷ್ಟು ರಾಮಾಯಣ ಏಕೆ ಎನ್ನಬಹುದು. 1981ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನದಲ್ಲಿ 20 ಹೊರರೋಗಿಗಳನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಮೀಟಿಂಗಿನ ಜಾಗ, ವೇಳೆ ತಿಳಿಸಿ ಹೋಗಿಬನ್ನಿ ಎಂದರು. ಇನ್ನೊಂದು ಗುಂಪಿನವರು ಕೌನ್ಸೆಲರ್ ಎದುರು ಕೂತಿರುವಾಗಲೇ ಎಎ ಮೆಂಬರ್ ಒಬ್ಬರಿಗೆ ಫೋನ್ ಹಚ್ಚಿ ಮಾತಾಡಿಸಿದರು. ಆ ಮೆಂಬರ್ ಮೊದಲ ಮೀಟಿಂಗಿಗೆ ತಾವೇ ಕರೆದುಕೊಂಡು ಹೋಗುವ ಏರ್ಪಾಡು ಮಾಡಿದರು. ಫೋನ್ ಮಾಡಿಸಿದ ಗುಂಪಿನವರೆಲ್ಲ ಮೀಟಿಂಗಿಗೆ ಹೋದರು. ಬರೀ ವಿಳಾಸ ಪಡೆದವರಲ್ಲಿ ಒಬ್ಬರೂ ಹೋಗಲಿಲ್ಲ. ಅಧ್ಯಯನ ಚಿಕ್ಕದು, ದೇಶವೂ ಬೇರೆ. ಆದರೂ ವಿಳಾಸ ಕೊಟ್ಟವರದೇ ಆ ಗತಿಯಾದರೆ, ವಿಳಾಸವನ್ನೂ ಕೊಡದ ನಮ್ಮ ಚೀಟಿಯ ಗತಿ ಏನಿರಬಹುದು, ನೀವೇ ಊಹಿಸಿ.

ಎಎ ಎಂದರೆ ಭಜನೆ, ಅದರಲ್ಲಿ ವೈದ್ಯಕೀಯ ಏನೂ ಇಲ್ಲ ಎಂದು ಮೂಗು ಮುರಿಯುವ ವೈದ್ಯರು ಇನ್ನೂ ಇದ್ದಾರೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಹಾಕಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ 27 ಅಧ್ಯಯನಗಳನ್ನು, 10,565 ಜನರ ವಿವರಗಳನ್ನು ಒಟ್ಟಿಗೆ ನೋಡಿತು. ರೋಗಿಯನ್ನು ಕ್ರಮಬದ್ಧವಾಗಿ ಎಎಗೆ ಜೋಡಿಸುವ ಚಿಕಿತ್ಸೆ, ಪೂರ್ತಿ ಕುಡಿಯದೆ ಇರುವ ವಿಷಯದಲ್ಲಿ ಸಿಬಿಟಿಯಂಥ (ಯೋಚನೆ, ವರ್ತನೆ ತಿದ್ದುವ ಮಾತಿನ ಚಿಕಿತ್ಸೆ) ಇತರ ಚಿಕಿತ್ಸೆಗಳಿಗಿಂತ ಮೇಲು ಎಂದು ಕಂಡಿತು. ಅಲ್ಲಿ ತೂಕವಿರುವುದು ‘ಕ್ರಮಬದ್ಧವಾಗಿ ಜೋಡಿಸುವ’ ಎಂಬುದಕ್ಕೆ. ನಮ್ಮ ದೇಶದಲ್ಲಿ ಮದ್ಯಕ್ಕೆ ಅಂಟಿಕೊಂಡವರಲ್ಲಿ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕವರು ಸುಮಾರು 38ರಲ್ಲಿ ಒಬ್ಬರು, ಒಳರೋಗಿಯಾಗಿ ದಾಖಲಾದವರು 180ರಲ್ಲಿ ಒಬ್ಬರು ಎಂದು ಕೇಂದ್ರ ಸರ್ಕಾರದ 2019ರ ವರದಿಯೇ ಹೇಳಿದೆ. ಅಷ್ಟು ಕಷ್ಟಪಟ್ಟು ನಿಮ್ಮ ವಾರ್ಡಿನವರೆಗೆ ಬಂದ ಆ ಒಬ್ಬರನ್ನು ಗೇಟಿನ ಆಚೆ ಬಿಟ್ಟುಬಿಡುವುದು ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಿದ ಹಾಗೆಯೇ.

ಮೀಟಿಂಗಿನ ವಿಷಯಕ್ಕೆ ಹೋಗುವ ಮುನ್ನ ಅದರ ಮಿತಿಯನ್ನೂ ಹೇಳಬೇಕು. ಮೀಟಿಂಗು ಡಿಟಾಕ್ಸ್ ಅಲ್ಲ, ಅಂದರೆ ಮೈಯಿಂದ ಮದ್ಯ ಇಳಿಸುವ ವೈದ್ಯಕೀಯ ಚಿಕಿತ್ಸೆಯಲ್ಲ. ಬೆಳಿಗ್ಗೆ ಒಂದು ನೈಂಟಿ ಹಾಕದೆ ಕೈ ನಡುಕ ನಿಲ್ಲದ ಮನುಷ್ಯ ‘ಇವತ್ತಿಂದ ಬಿಟ್ಟೆ’ ಎಂದು ಏಕಾಏಕಿ ನಿಲ್ಲಿಸಿ ಮನೆಯಲ್ಲಿ ಕೂತರೆ ಪ್ರಾಣಕ್ಕೆ ಅಪಾಯ. ಕೊನೆಯ ಪೆಗ್ಗಿನ ನಂತರ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಂತಿ ಶುರುವಾಗುತ್ತವೆ. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಇಲ್ಲದ್ದು ಕಾಣುವ, ದಿಕ್ಕುಗೆಡುವ, ಜ್ವರ ಏರುವ ಸನ್ನಿ ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದ ನಡುವೆ. ಹಿಂದೆ ಫಿಟ್ಸ್ ಬಂದವರು, ಬೆಳಗಿನ ಕುಡಿತ ಇರುವವರು, ಸರಿಯಾಗಿ ಊಟವೇ ಮಾಡದವರು ಮೊದಲು ವೈದ್ಯರಲ್ಲಿಗೆ, ಆಮೇಲೆ ಮೀಟಿಂಗಿಗೆ. ಇಂಥವರು ಡ್ರಿಪ್ ಹಾಕಿಸಿಕೊಳ್ಳಲು ಬಂದಾಗ ಗ್ಲೂಕೋಸಿಗೂ ಮೊದಲು ಥಯಾಮಿನ್ ಕೊಡಬೇಕೆಂಬುದು ನಿಮಗೆ ಗೊತ್ತಿರುವುದೇ, ಗಲ್ಲಿಯ ನರ್ಸಿಂಗ್ ಹೋಮುಗಳಿಗೂ ಒಂದು ಸುತ್ತೋಲೆ ಹೋಗಲಿ. ಚುನಾವಣೆ ಬಂದಾಗ ಮತದಾನ ಮುಗಿಯುವ ಮುಂಚಿನ 48 ಗಂಟೆ ಮದ್ಯದ ಅಂಗಡಿ ಮುಚ್ಚಿರುತ್ತದೆ. ಮೇಲಿನ ಗಂಟೆಗಳ ಲೆಕ್ಕದ ಪಕ್ಕ ಅದನ್ನಿಟ್ಟು ನೋಡಿ. 2020ರ ಲಾಕ್‌ಡೌನಿನಲ್ಲಿ ಅಂಗಡಿ ಬಂದ್ ಆದಾಗ ಏನಾಯಿತೆಂದು ತುರ್ತು ಚಿಕಿತ್ಸಾ ಘಟಕಗಳಲ್ಲಿ ಇದ್ದವರಿಗೆ ನೆನಪಿರುತ್ತದೆ. ಅಂಥ ದಿನಗಳ ಹಿಂದಿನ ವಾರವೇ ನಮ್ಮ ಕ್ಲಿನಿಕ್‌ಗಳಲ್ಲಿ ಔಷಧಿ ಇರಬೇಕು, ಬಾಗಿಲ ಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಇರಬೇಕು. ಅಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

ಈಗ ಎಎಗೆ ಮಾಡಿಸಬೇಕಾದ ಫೋನಿನ ವಿಷಯ. ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ, ಬಿಲ್ಲು ಕಟ್ಟಲು ಮನೆಯವರು ಕ್ಯೂನಲ್ಲಿ ನಿಂತಾಗ, ಈ ಕೆಲಸ ಆಗುವುದಿಲ್ಲ. ಅದಕ್ಕೆ ಎರಡು ಮೂರು ದಿನ ಮುಂಚೆ ಸೋಷಿಯಲ್ ವರ್ಕರ್ ರೋಗಿಯ ಒಪ್ಪಿಗೆ ಕೇಳಬೇಕು, ಒಪ್ಪಿದ ಮೇಲೆ ಸ್ಪೀಕರ್ ಹಾಕಿ ಎಎ ಸಹಾಯವಾಣಿಗೋ ಹತ್ತಿರದ ಗುಂಪಿನ ಮೆಂಬರಿಗೋ ಫೋನ್ ಮಾಡಬೇಕು. ಮಾತಾಡುವವರು ರೋಗಿಯೇ ಆಗಿರಲಿ. ‘ಸರ್, ನಮ್ಮ ಪೇಷೆಂಟ್ ಒಬ್ಬರಿದ್ದಾರೆ, ಕುಡಿತ ಜಾಸ್ತಿ’ ಎಂದು ಸಿಬ್ಬಂದಿ ಶುರುಮಾಡಿದರೆ ಆ ಮನುಷ್ಯ ಅಲ್ಲಿಗೇ ತಲೆ ತಗ್ಗಿಸುತ್ತಾನೆ. ಐದು ನಿಮಿಷದಲ್ಲಿ ನಾಲ್ಕು ವಿಷಯ ತೀರ್ಮಾನವಾದರೆ ಸಾಕು: ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಭೇಟಿ, ಯಾರ ಜೊತೆ. ಭೇಟಿ ಮೀಟಿಂಗಿಗಿಂತ 15 ನಿಮಿಷ ಮುಂಚೆ, ಗೇಟಿನ ಹತ್ತಿರವೋ ಬಸ್ ಸ್ಟಾಪಿನಲ್ಲೋ. ಮೊದಲ ಮೀಟಿಂಗ್ ಡಿಸ್ಚಾರ್ಜ್ ಆದ 48 ಗಂಟೆಯೊಳಗೆ ಇರಲಿ, ಅದೇ ದಿನ ಸಂಜೆಯಾದರೆ ಇನ್ನೂ ಮೇಲು. ಎಎ ಗುಂಪುಗಳು ಆಸ್ಪತ್ರೆಯ ವಾರ್ಡಿಗೇ ಬಂದು ಮೀಟಿಂಗ್ ನಡೆಸುವುದೂ ಉಂಟು. ವಾರಕ್ಕೊಂದು ಗಂಟೆ ಕೋಣೆ ಬಿಟ್ಟುಕೊಟ್ಟರೆ ರೋಗಿಗೆ ಮುಖಪರಿಚಯ ಒಳಗಿದ್ದಾಗಲೇ ಆಗಿಬಿಡುತ್ತದೆ.

ಇಷ್ಟು ಮಾಡಿದರೂ ಕೆಡುವ ಜಾಗಗಳಿವೆ. ಸಹಾಯವಾಣಿಯಲ್ಲಿ ಇರುವವರು ಸಂಬಳದ ಸಿಬ್ಬಂದಿಯಲ್ಲ, ತಾವೂ ಕುಡಿತ ಬಿಟ್ಟು ಹಗಲು ಕೆಲಸಕ್ಕೆ ಹೋಗುವವರು. ಬೆಳಿಗ್ಗೆ 11ಕ್ಕೆ ಮಾಡಿದ ಫೋನ್ ಎತ್ತಲಿಲ್ಲವೆಂದು ‘ನಾಟ್ ರೀಚಬಲ್’ ಎಂದು ಬರೆದು ಕೈ ತೊಳೆದುಕೊಳ್ಳಬೇಡಿ. ಸಂಜೆ ಮತ್ತೆ ಮಾಡಿ, ಎರಡು ನಂಬರ್ ಇಟ್ಟುಕೊಳ್ಳಿ. ಇನ್ನೊಂದು, ಆಸ್ಪತ್ರೆಗೆ ಹತ್ತಿರದ ಮೀಟಿಂಗ್ ಬರೆದುಕೊಡುವ ಅಭ್ಯಾಸ. ಹೊಸೂರು ರಸ್ತೆಯಲ್ಲಿ ಚಿಕಿತ್ಸೆ ಪಡೆದವನ ಮನೆ ಪೀಣ್ಯದಲ್ಲಿದ್ದರೆ, ಸಂಜೆ ಏಳರ ಟ್ರಾಫಿಕ್‌ನಲ್ಲಿ ಅವನು ಒಂದು ಸಲ ಬಂದಾನು, ಎರಡನೇ ಸಲ ಬರುವುದಿಲ್ಲ. ಮನೆಗೋ ಕೆಲಸದ ಜಾಗಕ್ಕೋ ಒಂದೇ ಬಸ್ಸು ಅಥವಾ ಒಂದೇ ಮೆಟ್ರೊ ಸಾಲಿನಲ್ಲಿರುವ ಮೀಟಿಂಗ್ ಹುಡುಕಿ. ಹೋಗುವ ದಾರಿಯನ್ನೂ ಕೇಳಿ. ಅವನ ಮಾಮೂಲಿ ಬಾರು ಅದೇ ರಸ್ತೆಯಲ್ಲಿದ್ದರೆ ಒಂದು ಸ್ಟಾಪ್ ಮುಂದೆ ಇಳಿದು ಹಿಂದಕ್ಕೆ ನಡೆಯುವ ದಾರಿ ಹೇಳಿಕೊಡಿ. ಕಟ್ಟಡದ ಕೆಲಸದವರಿಗೆ, ವಾರದ ಲೆಕ್ಕದಲ್ಲಿ ದುಡಿಯುವವರಿಗೆ ಶನಿವಾರ ಬಟವಾಡೆ. ಅವರಿಗೆ ಮೊದಲು ಹುಡುಕಬೇಕಾದ್ದು ಶನಿವಾರ ಸಂಜೆಯ ಮೀಟಿಂಗ್. ಉಳಿದ ದಿನಗಳದ್ದು ಆಮೇಲೆ.

ಭಾಷೆ ಇನ್ನೂ ದೊಡ್ಡ ತೊಡಕು. ಈ ಊರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೀಟಿಂಗುಗಳು ನಡೆಯುತ್ತವೆ. ಪಟ್ಟಿಯಲ್ಲಿ ಕಣ್ಣಿಗೆ ಮೊದಲು ಬಿದ್ದದ್ದನ್ನು ಬರೆದುಕೊಟ್ಟರೆ, ಮಾಗಡಿ ಕಡೆಯಿಂದ ಬಂದ ಗಾರೆ ಕೆಲಸದವನು ಒಂದೂವರೆ ಗಂಟೆ ಇಂಗ್ಲಿಷ್ ಕೇಳಿಸಿಕೊಂಡು ‘ಇದು ನಮ್ಮಂಥೋರಿಗಲ್ಲ ಬಿಡಿ’ ಎಂದು ಎದ್ದುಹೋಗುತ್ತಾನೆ. ತಪ್ಪು ಅವನದಲ್ಲ.

ಚೀಟಿಯಲ್ಲಿ ಏನಿರಬೇಕೆಂದು ಒಂದು ಮಾದರಿ ಕೊಡುತ್ತೇವೆ, ವಿವರಗಳು ಕಲ್ಪಿತ: ‘ಶನಿವಾರ, ಸಂಜೆ 7ರಿಂದ 8.30. ಕನ್ನಡ. ಓಪನ್ ಮೀಟಿಂಗ್, ಮನೆಯವರೂ ಬರಬಹುದು. ಶಾಲೆಯ ಹಿಂದಿನ ಗೇಟು, ನೆಲಮಹಡಿ, ಎಡಕ್ಕೆ ಎರಡನೇ ಕೋಣೆ. ಇಳಿಯುವ ಸ್ಟಾಪ್ ಇಂಥದ್ದು. ಗೇಟಿನಲ್ಲಿ 6.45ಕ್ಕೆ ಇಂಥವರು ಕಾಯುತ್ತಾರೆ, ನಂಬರ್ ಇದು. ಹೊರಡುವ ಮುಂಚೆ ಒಂದು ಫೋನ್ ಮಾಡಿ. ಇದು ತಪ್ಪಿದರೆ ಸೋಮವಾರ ಇಂಥ ಕಡೆ.’ ಹೊರಡುವ ಮುಂಚಿನ ಫೋನ್ ಏಕೆಂದರೆ ಕೋಣೆಗಳು ಗುಂಪಿನ ಸ್ವಂತದ್ದಲ್ಲ. ಶಾಲೆಯಲ್ಲಿ ಪರೀಕ್ಷೆ, ಚರ್ಚಿನಲ್ಲಿ ಹಬ್ಬ, ಸಮುದಾಯ ಭವನದಲ್ಲಿ ಮದುವೆ ಬಂತೆಂದರೆ ಆ ವಾರ ಜಾಗ ಬದಲಾಗುತ್ತದೆ. ಮ್ಯಾಪಿನಲ್ಲಿ ಹಳೆಯ ಗುರುತು ಹಾಗೇ ಉಳಿದಿರುತ್ತದೆ. ಮೊದಲ ದಿನವೇ ಬೀಗ ಹಾಕಿದ ಬಾಗಿಲು ಕಂಡವರು ಎರಡನೇ ಸಲ ಬರುವುದು ಅಪರೂಪ.

ಗೇಟಿನ ವಾಚ್‌ಮನ್ ‘ಯಾರು ಬೇಕು, ಏನು ಮೀಟಿಂಗು’ ಎಂದು ಕೇಳಿದಾಗಲೇ ಎಷ್ಟೋ ಜನ ವಾಪಸ್ ತಿರುಗುತ್ತಾರೆ. ‘ಎಎ ಮೀಟಿಂಗ್’ ಎಂದಷ್ಟೇ ಹೇಳಿದರೆ ಸಾಕು, ಬೋರ್ಡಿನ ಮೇಲೂ ಬಹಳ ಸಲ ಆ ಎರಡಕ್ಷರವೇ ಇರುತ್ತದೆ ಎಂದು ಮೊದಲೇ ಹೇಳಿಕೊಟ್ಟಿರಿ. ಜಾಗ ಚರ್ಚಿನ ಆವರಣ ಎಂದಾಕ್ಷಣ ಮನೆಯವರಿಗೆ ಇನ್ನೊಂದು ಅನುಮಾನ, ಮತಾಂತರವೇನಾದರೂ ಇದೆಯೇ ಎಂದು. ಇಲ್ಲ. ಗುಂಪು ಬಾಡಿಗೆ ಕೊಟ್ಟು ಕೋಣೆ ಹಿಡಿದಿರುತ್ತದೆ, ಸಂಬಂಧ ಅಷ್ಟೇ. ಕುಡಿತದಿಂದ ಹೊರಬರಲು ಎಎ ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ ನಿಜ, ಆದರೆ ಅದು ಅವರವರು ಅರಿತ ದೇವರು. ನಂಬದವರೂ ಆ ಕುರ್ಚಿಗಳಲ್ಲಿ ಕೂತಿರುತ್ತಾರೆ. ದೇವರ ಮಾತೇ ಬೇಡ ಎನ್ನುವವರಿಗೆ ಸ್ಮಾರ್ಟ್ ರಿಕವರಿ ಎಂಬ ಬೇರೊಂದು ಕೂಟದ ಆನ್‌ಲೈನ್ ಸಭೆಗಳಿವೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರದಿಂದ ಬಂದವರಿಗೆ ಅವರದೇ ನವಜೀವನ ಸಮಿತಿಗಳಿವೆ. ಯಾವುದು ಒಗ್ಗುತ್ತದೋ ಅದು. ಒಂದು ಗುಂಪು ಹಿಡಿಸಲಿಲ್ಲವೆಂದರೆ ಇನ್ನೂ ನಾಲ್ಕೈದು ಕಡೆ ಹೋಗಿ ನೋಡಿ ಆಮೇಲೆ ತೀರ್ಮಾನಿಸಲಿ.

ಒಳಗೆ ಏನು ನಡೆಯುತ್ತದೆಂದು ನಿಮ್ಮ ಸಿಬ್ಬಂದಿಗೇ ಗೊತ್ತಿರುವುದಿಲ್ಲ. ಓಪನ್ ಮೀಟಿಂಗಿಗೆ ಯಾರು ಬೇಕಾದರೂ ಹೋಗಬಹುದು. ಕಿರಿಯ ವೈದ್ಯರನ್ನು, ನರ್ಸುಗಳನ್ನು ಒಂದು ಸಲ ಕಳಿಸಿ. ಕ್ಲೋಸ್ಡ್ ಮೀಟಿಂಗ್ ಕುಡಿತ ಬಿಡಬೇಕೆಂದಿರುವವರಿಗೆ ಮಾತ್ರ. ಗಂಟೆ, ಒಂದೂವರೆ ಗಂಟೆ ನಡೆಯುತ್ತದೆ. ಒಂದಿಷ್ಟು ಓದು, ಒಂದು ಕ್ಷಣ ಮೌನ, ಪ್ರಾರ್ಥನೆ, ಆಮೇಲೆ ಒಬ್ಬೊಬ್ಬರ ಶೇರಿಂಗ್, ಅಂದರೆ ತಮ್ಮ ಅನುಭವ ಹೇಳಿಕೊಳ್ಳುವುದು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಸರದಿ ಬಂದಾಗ ‘ಇವತ್ತು ಕೇಳಿಸಿಕೊಳ್ತೀನಿ’ ಎಂದರೆ ಯಾರೂ ಬಲವಂತ ಮಾಡುವುದಿಲ್ಲ. ಕೊನೆಯಲ್ಲಿ ಚೀಲವೋ ಡಬ್ಬಿಯೋ ಸುತ್ತು ಬರುತ್ತದೆ, ಹೊಸಬರು ಹಾಕಬೇಕಿಲ್ಲ. ಫೀಸು, ಸದಸ್ಯತ್ವ ಶುಲ್ಕ ಎಂಬುದೇ ಇಲ್ಲ. ಚಹಾ ಕುಡಿಯುತ್ತಾ ನಿಂತಾಗ ಸಿಗುವ ಎರಡು ಮೂರು ಫೋನ್ ನಂಬರುಗಳೇ ಆ ಸಂಜೆಯ ನಿಜವಾದ ಗಳಿಕೆ. ರಾತ್ರಿ ಹತ್ತಕ್ಕೆ ಆಸೆ ಕೆರಳಿದಾಗ ಒಪಿಡಿ ತೆರೆದಿರುವುದಿಲ್ಲ, ಆ ನಂಬರ್ ಇರುತ್ತದೆ. ಹಾಗಾಗಿ ಮೀಟಿಂಗ್ ಮುಗಿದ ತಕ್ಷಣ ಓಡಿಬರಬೇಡಿ ಎಂದು ಹೇಳಿ ಕಳಿಸಿ. 90 ದಿನಕ್ಕೆ 90 ಮೀಟಿಂಗ್ ಎಂಬ ಮಾತು ಅಲ್ಲಿ ಚಾಲ್ತಿಯಲ್ಲಿದೆ. ನಿಯಮವಲ್ಲ, ಆದರೆ ಮೊದಲ ಮೂರು ತಿಂಗಳು ಎಷ್ಟು ಸಾಧ್ಯವೋ ಅಷ್ಟು ಎನ್ನುವುದು ಸರಿಯಾದ ಸಲಹೆಯೇ. ಓಡಾಡಲು ಆಗದ ದಿನಕ್ಕೆ ಆನ್‌ಲೈನ್ ಮೀಟಿಂಗ್ ಇದೆ. ಮೆಂಬರ್ ಯಾರಾದರೂ ‘ಆ ಮಾತ್ರೆಗಳನ್ನೆಲ್ಲ ಬಿಟ್ಟುಬಿಡು’ ಎಂದರೆ ಕೇಳಬಾರದು. ಮೆಂಬರುಗಳು ಡಾಕ್ಟರಾಗಬಾರದು ಎಂದು ಎಎಯ ಕೈಪಿಡಿಯೇ ಹೇಳುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಕುಡಿಯುವ ಹೆಂಗಸು ಮೂವತ್ತು ಗಂಡಸರ ನಡುವೆ ಒಬ್ಬಳೇ ಕೂರುವ ಧೈರ್ಯ ಮಾಡುವುದು ಕಷ್ಟ. ಫೋನ್ ಮಾಡುವಾಗಲೇ ಮಹಿಳಾ ಮೆಂಬರ್ ಬೇಕೆಂದು ಕೇಳಿ, ಹೊಸಬರ ಕೈಹಿಡಿದು ನಡೆಸುವ ಹಳೆಯ ಮೆಂಬರ್, ಅಂದರೆ ಸ್ಪಾನ್ಸರ್, ಕೂಡ ಹೆಂಗಸೇ ಆಗಿರಲಿ. ಕುಡಿಯುವವರ ಹೆಂಡತಿ, ತಾಯಿ, ಮಕ್ಕಳಿಗೆ ಅಲ್-ಅನಾನ್ ಎಂಬ ಬೇರೆಯೇ ಕೂಟವಿದೆ. ಗಂಡ ಬರಲು ಒಪ್ಪದಿದ್ದರೂ ಹೆಂಡತಿ ಹೋಗಬಹುದು, ಹೋಗಬೇಕು. ಶಕ್ತಿ ಯೋಜನೆ ಇರುವುದರಿಂದ ಬಸ್ಸಿಗೆ ದುಡ್ಡೂ ಬೇಡ. ಆ ಕೂಟದ ಹೆಸರನ್ನು ನಿಮ್ಮ ಚೀಟಿಗಳಲ್ಲಿ ನಾವು ಕಂಡದ್ದು ತೀರಾ ಕಡಿಮೆ.

ಅದು ಗೊತ್ತಿಲ್ಲದ ಮನೆಯವರ ಕಣ್ಣಿಗೆ ಬೀಳುವುದು ಗೋಡೆಯ ಮೇಲಿನ, ಆಟೊ ಹಿಂದಿನ ಪೋಸ್ಟರು: ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು.’ ಅಂಥ ಪುಡಿಯಲ್ಲಿ ಏನಿರುತ್ತದೆಂದು ಕೊಳ್ಳುವವರಿಗೆ ತಿಳಿಯುವ ದಾರಿಯೇ ಇಲ್ಲ. ಮೆಡಿಕಲ್ ಶಾಪಿನಿಂದ ಡೈಸಲ್ಫಿರಾಮ್ (ಕುಡಿದರೆ ಮೈಗೆ ಆಗದಂತೆ ಮಾಡುವ ಮಾತ್ರೆ) ತಂದು ಸಾರಿಗೋ ಕಾಫಿಗೋ ಬೆರೆಸುವ ಮನೆಗಳೂ ಇವೆ. ಕೊನೆಯ ಪೆಗ್ಗಿನ ನಂತರ 12 ಗಂಟೆಯಾದರೂ ಕಳೆಯದೆ ಆ ಮಾತ್ರೆ ಕೊಡಬಾರದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಮದ್ಯ ಸೇರಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿದು ಸಾವೂ ಬರಬಹುದು. ಗೊತ್ತಿದ್ದು ನುಂಗುವವನು ಹುಷಾರಾಗಿರುತ್ತಾನೆ, ಗೊತ್ತಿಲ್ಲದವನು ಸಂಜೆ ಬಾರಿಗೆ ಹೋಗುತ್ತಾನೆ. ಪಾಲಿಕೆ ತೆರವು ಮಾಡಬೇಕಾದ ಪೋಸ್ಟರುಗಳಲ್ಲಿ ಇವು ಮೊದಲು ಬರಲಿ. ಹಾಗೆಯೇ, ಫೋನಿನಲ್ಲಿ ಹುಡುಕಿದರೆ ಮೇಲೆ ಬರುವುದು ದುಡ್ಡು ಕೊಟ್ಟ ಜಾಹೀರಾತು. ಗಾಡಿ ಕಳಿಸಿ ಎತ್ತಿಕೊಂಡು ಹೋಗುತ್ತೇವೆ, ಮುಂಗಡ ಕಟ್ಟಿ ಎನ್ನುವವರು ಎಎ ಅಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಇಂಥ ಕೇಂದ್ರಗಳಿಗೆ ನೋಂದಣಿ ಕಡ್ಡಾಯ. ನೋಂದಣಿಯಾದವುಗಳ ಹೆಸರನ್ನು ಕನ್ನಡದಲ್ಲಿ, ನಮ್ಮ ಕ್ಲಿನಿಕ್‌ನ ಗೋಡೆಯ ಮೇಲೆ ಹಾಕಿ.

ಪಾಲಿಕೆಗಳಿಗೆ ಇನ್ನೊಂದು ಬೇಡಿಕೆ, ಕೋಣೆಗಳದ್ದು. ನಸುಕಿಗೇ ಬೀದಿಗಿಳಿಯುವ ಪೌರಕಾರ್ಮಿಕರಿಗೆ, ರಾತ್ರಿ ಗಾಡಿ ಓಡಿಸುವ ಕ್ಯಾಬ್ ಚಾಲಕರಿಗೆ, ನೈಟ್ ಶಿಫ್ಟಿನವರಿಗೆ ಸಂಜೆ ಏಳರ ಮೀಟಿಂಗ್ ಒದಗುವುದಿಲ್ಲ. ಹಗಲು ಖಾಲಿ ಬಿದ್ದಿರುವ ವಾರ್ಡ್ ಕಚೇರಿಯ, ಸಮುದಾಯ ಭವನದ ಒಂದೊಂದು ಕೋಣೆ ಸಾಕು. ಇಪ್ಪತ್ತು ಇಪ್ಪತ್ತೈದು ಕುರ್ಚಿ, ಫ್ಯಾನು, ಕುಡಿಯುವ ನೀರು, ಹೆಂಗಸರಿಗೂ ಆಗುವ ಶೌಚಾಲಯ, ವೇಳೆಗೆ ಸರಿಯಾಗಿ ಬೀಗ ತೆಗೆಯುವ ಒಬ್ಬರು. ಪ್ರತಿವಾರ ಅದೇ ಕೋಣೆ, ಅದೇ ಗಂಟೆ. ಶಾಸಕರ ಸಭೆ ಬಂತೆಂದು ಎಬ್ಬಿಸಬಾರದು. ಪುಕ್ಕಟೆ ಕೊಡುತ್ತೇವೆಂದರೂ ಅವರು ಬಾಡಿಗೆ ಕೊಡುತ್ತೇವೆನ್ನುತ್ತಾರೆ, ಹೊರಗಿನ ನೆರವು ಪಡೆಯಬಾರದೆಂಬುದು ಅವರ ಏಳನೇ ಸಂಪ್ರದಾಯ. ಸಣ್ಣ ಮೊತ್ತ ಗೊತ್ತುಮಾಡಿ ರಸೀದಿ ಕೊಡಿ. ಇನ್ನು ಕಷ್ಟದ ಮಾತು: ಉದ್ಘಾಟನೆ ಇಲ್ಲ, ಬ್ಯಾನರ್ ಇಲ್ಲ, ಫಲಾನುಭವಿಗಳ ಪಟ್ಟಿ ಇಲ್ಲ, ಜಿಯೋ ಟ್ಯಾಗ್ ಫೋಟೊ ಇಲ್ಲ, ಕೋಣೆಯೊಳಗೆ ಸಿಸಿಟಿವಿ ಇಲ್ಲ. ಫೋಟೊ ಇಲ್ಲದೆ ಫೈಲ್ ಮುಂದೆ ಹೋಗುವುದಿಲ್ಲವೆಂದು ನಮಗೂ ಗೊತ್ತು. ಖಾಲಿ ಕುರ್ಚಿಗಳ ಫೋಟೊ ತೆಗೆದುಕೊಳ್ಳಿ.

ಹಾಜರಾತಿ ಸರ್ಟಿಫಿಕೇಟ್ ತಂದರೆ ಮಾತ್ರ ಡ್ಯೂಟಿ ಎನ್ನುವ ಡಿಪೋ, ಕಾರ್ಖಾನೆಗಳಿಗೂ ಇದೇ ಉತ್ತರ. ಎಎ ಹಾಜರಿ ಪುಸ್ತಕ ಇಡುವುದಿಲ್ಲ. ಬೇಕಾದದ್ದು ಫಾಲೋಅಪ್ ಚೀಟಿಯಾದರೆ ಆಸ್ಪತ್ರೆಯಿಂದ ಕೇಳಲಿ. ಅಲ್ಲೂ ಮೇಲಿನ ಕಾಯ್ದೆಯ 23ನೇ ಸೆಕ್ಷನ್ ರೋಗಿಯ ಗೋಪ್ಯತೆಯನ್ನು ಕಾಯುತ್ತದೆ.

ಇದಕ್ಕೆಲ್ಲ ಹೊಸ ಯೋಜನೆ, ಹೊಸ ಹೆಸರು ಬೇಡ. ಒಂದು ಸರ್ಕಾರಿ ಆಸ್ಪತ್ರೆ, ಅದರ ಸುತ್ತಲ ನಾಲ್ಕು ನಮ್ಮ ಕ್ಲಿನಿಕ್ ಆರಿಸಿಕೊಂಡು ಮೂರು ತಿಂಗಳು ಮಾಡಿ ನೋಡಿ. ಒಬ್ಬ ಸೋಷಿಯಲ್ ವರ್ಕರಿಗೆ ಮೀಟಿಂಗುಗಳ ಪಟ್ಟಿಯ ಜವಾಬ್ದಾರಿ ವಹಿಸಿ. ಅವರು ತಿಂಗಳ ಮೊದಲ ವಾರ ಪ್ರತಿ ಗುಂಪಿಗೂ ಫೋನ್ ಮಾಡಿ ಜಾಗ, ವೇಳೆ, ಭಾಷೆ ಖಚಿತಪಡಿಸಿಕೊಂಡು, ನಿಂತುಹೋದದ್ದನ್ನು ಹೊಡೆದುಹಾಕಿ, ತಾರೀಖು ಹಾಕಿ ಪಟ್ಟಿ ಅಂಟಿಸಲಿ. ಎಣಿಸಬೇಕಾದ್ದು ಒಂದೇ ಸಂಖ್ಯೆ: ಡಿಸ್ಚಾರ್ಜ್ ಆದವರಲ್ಲಿ ಎಷ್ಟು ಮಂದಿ ಒಂದು ವಾರದೊಳಗೆ ಮೊದಲ ಮೀಟಿಂಗ್ ಮುಟ್ಟಿದರು. ಅದನ್ನು ಫಾಲೋಅಪ್‌ಗೆ ಬಂದ ರೋಗಿಯನ್ನೇ ಕೇಳಿ ಬರೆದುಕೊಳ್ಳಿ. ಗುಂಪಿನವರನ್ನು ಕೇಳಬೇಡಿ, ಅವರು ಹೇಳುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿಗಳು,
ಬೆಂಗಳೂರಿನಲ್ಲಿ ಕುಡಿತ ಬಿಡುವವರ ಜೊತೆ ಕೆಲಸ ಮಾಡುವ ಕೆಲವರು